ಬೆಂಗಳೂರು–ಲಂಡನ್: ಹೋಗೋಕೆ ಹನ್ನೊಂದು ಗಂಟೆ, ಬರೋಕೆ ಹತ್ತು. ಯಾಕೆ?

[ಪರದೆ: ಗ್ಲೋಬ್. ದೇವನಹಳ್ಳಿಯಿಂದ ಹೀಥ್ರೂಗೆ ಕೆಂಪು ಗೆರೆ]

ನಮಸ್ಕಾರ. ಕೆಂಪೇಗೌಡ ವಿಮಾನ ನಿಲ್ದಾಣದಿಂದ ಲಂಡನ್ನಿನ ಹೀಥ್ರೂಗೆ ನೇರ ದೂರ ಸುಮಾರು 8,045 ಕಿ.ಮೀ. ದೊಡ್ಡ ವಿಮಾನದ ವೇಗ ಗಂಟೆಗೆ ಹೆಚ್ಚುಕಮ್ಮಿ 900. ಭಾಗಿಸಿದರೆ ಒಂಬತ್ತು ಗಂಟೆ. ಟಿಕೆಟ್ ನೋಡಿದರೆ ಹೋಗೋಕೆ ಹನ್ನೊಂದರ ಹತ್ತಿರ, ಬರೋಕೆ ಹತ್ತರ ಆಸುಪಾಸು.

ಮೊದಲು ಆ 8,045 ಎಲ್ಲಿಂದ ಬಂತು? ಭೂಮಿಯ ಪೂರ್ತಿ ಸುತ್ತು 360 ಡಿಗ್ರಿ ಅಂದರೆ, ಈ ಎರಡು ಊರುಗಳ ನಡುವಿನ ಕಮಾನು 72.35 ಡಿಗ್ರಿ. ಒಂದು ಡಿಗ್ರಿಗೆ 111.2 ಕಿ.ಮೀ. ಗುಣಿಸಿ, ಅಷ್ಟೇ.

[ಪರದೆ: ಗೆರೆ ಕರಾಚಿ, ಇರಾನ್, ಕಪ್ಪು ಸಮುದ್ರ, ಉಕ್ರೇನ್ ದಾಟುತ್ತದೆ]

ಈಗ ಈ ಗೆರೆ ಎಲ್ಲೆಲ್ಲಿ ಹೋಗ್ತಿದೆ ನೋಡಿ. ಕರಾಚಿ ಪಕ್ಕ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ಭಾರತದ ವಿಮಾನ ಸಂಸ್ಥೆಗಳಿಗೆ ತನ್ನ ಆಕಾಶ ಮುಚ್ಚಿತು. ಮುಂದೆ ಉಕ್ರೇನ್, ಅಲ್ಲಿ 2022ರ ಫೆಬ್ರವರಿಯಿಂದ ನಾಗರಿಕ ವಿಮಾನ ಹಾರಾಟವೇ ನಿಂತಿದೆ. ಹಾಗಾಗಿ ಗ್ಲೋಬ್ ಮೇಲಿನ ಈ ಚಂದದ ಗೆರೆಯನ್ನು ಯಾವ ಪೈಲಟ್ಟೂ ಹಿಡಿಯಲ್ಲ. ಬಳಸು ದಾರಿ 8,500 ಕಿ.ಮೀ. ಅಂದುಕೊಳ್ಳೋಣ.

ಇನ್ನು ಗಾಳಿ. ಅಸಲಿ ಆಟ ಇದರದ್ದೇ. ಹತ್ತು-ಹನ್ನೆರಡು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಅನ್ನೋ ಜೋರು ಗಾಳಿ ಬೀಸುತ್ತೆ, ಚಳಿಗಾಲದಲ್ಲಿ ಇನ್ನೂ ಜೋರು. ದಾರಿಯುದ್ದಕ್ಕೂ ಸರಾಸರಿ 60 ಕಿ.ಮೀ. ಎದುರುಗಾಳಿ ಸಿಕ್ಕರೂ ವೇಗ 840ಕ್ಕೆ ಇಳಿಯುತ್ತೆ: 8,500 ಭಾಗಿಸು 840, ಹತ್ತು ಗಂಟೆ ಏಳು ನಿಮಿಷ. ವಾಪಸ್ ಬರುವಾಗ ಅದೇ ಗಾಳಿ ಬೆನ್ನಿಗೆ: ವೇಗ 960, ಎಂಟು ಗಂಟೆ ಐವತ್ತೊಂದು ನಿಮಿಷ. ಎರಡಕ್ಕೂ ಟ್ಯಾಕ್ಸಿ (ಅಂದರೆ ವಿಮಾನ ನೆಲದ ಮೇಲೆ ಓಡೋದು), ಏರೋದು, ಇಳಿಯೋದಕ್ಕೆ ಅರ್ಧ ಗಂಟೆ ಸೇರಿಸಿ. ಟಿಕೆಟ್‌ನಲ್ಲಿರೋದು ಗೇಟಿನಿಂದ ಗೇಟಿನ ಸಮಯ. ತಡ ಆದರೂ ಪರವಾಗಿಲ್ಲ ಅಂತ ಕಂಪನಿಗಳು ಒಂದಿಷ್ಟು ನಿಮಿಷ ಜಾಸ್ತಿಯೇ ಬರೆದಿರುತ್ತವೆ. ಹೀಥ್ರೂನಲ್ಲಿ ರನ್‌ವೇ ಖಾಲಿ ಇಲ್ಲದಿದ್ದರೆ ಲಂಡನ್ ಹೊರವಲಯದ ಬೋವಿಂಗ್‌ಡನ್, ಲ್ಯಾಂಬೋರ್ನ್ ಮೇಲೆ ಸುತ್ತು ಹಾಕಿಸ್ತಾರೆ, ಆ ನಿಮಿಷಗಳೂ ಇದರಲ್ಲೇ ಹೋಗುತ್ತವೆ.

[ಪರದೆ: ಎರಡು ಗಡಿಯಾರ]

ಜನ ಜಾಸ್ತಿ ಎಡವೋದು ಇಲ್ಲಿ. ಜನವರಿಯಲ್ಲಿ ಬೆಳಗ್ಗೆ 7:30ಕ್ಕೆ ಹೊರಟು ಮಧ್ಯಾಹ್ನ 1ಕ್ಕೆ ಲಂಡನ್ ತಲುಪಿದರೆ ಪ್ರಯಾಣ ಐದೂವರೆ ಗಂಟೆ ಅಲ್ಲ. ಲಂಡನ್ ಗಡಿಯಾರ ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ, ಹಾಗಾಗಿ ಹೋಗುವಾಗ ಐದೂವರೆ ಕೂಡಿಸಿ: ಹನ್ನೊಂದು. ಬರುವಾಗ ಕಳೆಯಿರಿ. ಮಾರ್ಚ್ ಕೊನೇ ಭಾನುವಾರದಿಂದ ಅಕ್ಟೋಬರ್ ಕೊನೇ ಭಾನುವಾರದವರೆಗೆ ವ್ಯತ್ಯಾಸ ನಾಲ್ಕೂವರೆ ಮಾತ್ರ. ಏರ್‌ಪೋರ್ಟಿಗೆ ಕರೆಯೋಕೆ ಬರುವವರಿಗೆ ಇದನ್ನ ಹೇಳಿಬಿಡಿ.

ದುಬೈ ಮೇಲೆ ಹೋಗೋದಾ? ಬೆಂಗಳೂರು–ದುಬೈ ಸುಮಾರು 2,700, ದುಬೈ–ಲಂಡನ್ 5,500. ಒಟ್ಟು 8,200, ಅಂದರೆ ಆ 8,045ರ ನೇರ ಗೆರೆಗಿಂತ ದೂರ ನೂರೈವತ್ತು ಕಿ.ಮೀ. ಅಷ್ಟೇ ಜಾಸ್ತಿ. ಸಮಯ ತಿನ್ನೋದು ದುಬೈನಲ್ಲಿ ಕಾಯೋ ಹೊತ್ತು. ಎರಡೂ ಹಾರಾಟ ಒಂದೇ ಪಿಎನ್‌ಆರ್‌ನಲ್ಲಿರಲಿ. ಬೇರೆ ಬೇರೆ ಟಿಕೆಟ್ ತಗೊಂಡು ಮೊದಲನೇದು ತಡವಾದರೆ, ಎರಡನೇ ಟಿಕೆಟ್‌ನ ದುಡ್ಡು ಸಾಮಾನ್ಯವಾಗಿ ನಿಮ್ಮ ತಲೆಗೇ.