ಅವರ ಪೈಪೋಟಿ, ನಮ್ಮ ನಾವಿಕರು

ಮುಂಬಯಿಯ ಕನ್ನಡ ಕೇಳುಗರಿಗೆ ನಮಸ್ಕಾರ.

2023ರ ಡಿಸೆಂಬರ್ 25ರಂದು ಕೆಮ್ ಪ್ಲೂಟೊ ಎಂಬ ಟ್ಯಾಂಕರ್ ನಮ್ಮ ಮುಂಬಯಿಗೆ ಬಂದು ಲಂಗರು ಹಾಕಿತು. ಸೌದಿ ಅರೇಬಿಯಾದ ಕಚ್ಚಾ ತೈಲ ತುಂಬಿಕೊಂಡು ಅದು ಹೊರಟಿದ್ದು ಮಂಗಳೂರಿಗೆ. ಎರಡು ದಿನ ಮೊದಲು, ಗುಜರಾತ್ ಕರಾವಳಿಯಿಂದ ಸುಮಾರು 200 ನಾಟಿಕಲ್ ಮೈಲಿ ದೂರದಲ್ಲಿ ಡ್ರೋನ್ ಬಂದು ಬಡಿದು, ಹಡಗಿಗೆ ಬೆಂಕಿ ಹತ್ತಿತ್ತು. ಬೆಂಕಿ ಆರಿತು, ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಕೋಸ್ಟ್ ಗಾರ್ಡಿನ ವಿಕ್ರಮ್ ನೌಕೆ ಬೆಂಗಾವಲಾಗಿ ಬಂತು. ಇಲ್ಲಿ ನೌಕಾಪಡೆಯ ಸ್ಫೋಟಕ ತಜ್ಞರು ಹಡಗು ಹತ್ತಿ, ಪೆಟ್ಟು ಬಿದ್ದ ಜಾಗವನ್ನೂ ಸಿಕ್ಕ ಚೂರುಗಳನ್ನೂ ಪರೀಕ್ಷಿಸಿದರು.

ಹಡಗಿನ ಬಾವುಟ ಲೈಬೀರಿಯದ್ದು, ಮಾಲೀಕರು ಜಪಾನಿನವರು, ನಡೆಸುವವರು ನೆದರ್ಲೆಂಡ್ಸಿನವರು. ಡ್ರೋನ್ ಹಾರಿದ್ದು ಇರಾನಿನಿಂದ ಎಂದಿತು ಅಮೆರಿಕ. ಇರಾನ್ ಅಲ್ಲಗಳೆಯಿತು. ಆದರೆ ಆ ಹೊತ್ತಿಗೆ ಹಡಗಿನ ಒಳಗೆ ಜೀವ ಕೈಯಲ್ಲಿ ಹಿಡಿದಿದ್ದವರು ಹೆಚ್ಚುಕಡಿಮೆ ಎಲ್ಲರೂ ಭಾರತೀಯರೇ.

ದೊಡ್ಡ ರಾಷ್ಟ್ರಗಳ ಪೈಪೋಟಿ ಎಂದಾಗ ನಮ್ಮ ಕಣ್ಣು ಹೋಗುವುದು ಕ್ಷಿಪಣಿ, ಜಲಾಂತರ್ಗಾಮಿಗಳ ಕಡೆಗೆ. ಕೆಂಪು ಸಮುದ್ರದ ಬಾಗಿಲಲ್ಲಿರುವ ಪುಟ್ಟ ಜಿಬೂಟಿಯಲ್ಲಿ ಅಮೆರಿಕದ ಸೇನಾನೆಲೆ ಮೊದಲಿನಿಂದ ಇತ್ತು. 2017ರಲ್ಲಿ ಚೀನಾ ತನ್ನ ಮೊದಲ ವಿದೇಶಿ ನೆಲೆಯನ್ನು ಅದೇ ದೇಶದಲ್ಲಿ ತೆರೆಯಿತು. ಇಷ್ಟೆಲ್ಲ ಪಹರೆಯ ನಡುವೆಯೂ ಯೆಮನ್‌ನ ಹೂತಿ ಬಂಡುಕೋರರು ವ್ಯಾಪಾರಿ ಹಡಗುಗಳಿಗೆ ಹೊಡೆದರು. ಹಡಗುಗಳು ಸುಯೆಜ್ ಕಾಲುವೆ ಬಿಟ್ಟು ಆಫ್ರಿಕಾ ಸುತ್ತಿ ಹೋಗಬೇಕಾಯಿತು. ಸರಕು ತಡವಾದರೆ ವಿಮೆ, ಬಾಡಿಗೆ ಎಂದು ಲೆಕ್ಕ ಹಾಕಬಹುದು. 2024ರ ಮಾರ್ಚ್‌ನಲ್ಲಿ ಟ್ರೂ ಕಾನ್ಫಿಡೆನ್ಸ್ ಹಡಗಿಗೆ ಕ್ಷಿಪಣಿ ಬಡಿದು ಮೂವರು ನಾವಿಕರು ಸತ್ತರಲ್ಲ, ಅದಕ್ಕೆ ಯಾವ ಲೆಕ್ಕ?

ಅಂದು ಆ ಹಡಗಿನ 21 ಮಂದಿಯನ್ನು ಕಾಪಾಡಿದ್ದು ನಮ್ಮ ನೌಕಾಪಡೆಯ ಐಎನ್ಎಸ್ ಕೋಲ್ಕತಾ. ಹಡಗುಗಳ ರಕ್ಷಣೆಗೆಂದು ಅಮೆರಿಕ ಕಟ್ಟಿದ ಕೂಟಕ್ಕೆ ಸೇರದೆ ಭಾರತ ತನ್ನದೇ ಯುದ್ಧನೌಕೆಗಳನ್ನು ಕಳಿಸಿತ್ತು. ನನ್ನ ದೃಷ್ಟಿಯಲ್ಲಿ ಅದು ಸರಿಯಾದ ನಿರ್ಧಾರ. ಯಾರ ಪಕ್ಷವನ್ನೂ ವಹಿಸದೆ, ಆಪತ್ತಿನಲ್ಲಿದ್ದವರ ಬಳಿ ಮೊದಲು ಹೋಗುವ ಶಕ್ತಿ ನಮಗಿರಬೇಕು. ಮಜಗಾಂವ್ ಡಾಕ್‌ನಲ್ಲಿ ಹಡಗು ಕಟ್ಟುವವರ ದುಡಿಮೆಗೆ ಇದಕ್ಕಿಂತ ಒಳ್ಳೆಯ ಉಪಯೋಗ ನನಗಂತೂ ಕಾಣುವುದಿಲ್ಲ.

ಆದರೆ ನೌಕಾಪಡೆ ಎಲ್ಲ ಕಡೆ ಇರಲಾರದು. ಕೆಂಪು ಸಮುದ್ರದ ಅಪಾಯದ ಭಾಗಕ್ಕೆ ಹೋಗಲಾರೆ ಎನ್ನುವ ಹಕ್ಕು ನಾವಿಕರ ಸಂಘಟನೆಗಳ ಒಪ್ಪಂದದಡಿ ಕೆಲಸ ಮಾಡುವವರಿಗೆ ಇದೆ. ಪರವಾನಗಿ ಇಲ್ಲದ ಏಜೆಂಟನಿಗೆ ಲಕ್ಷಗಟ್ಟಲೆ ಕೊಟ್ಟು ಹಡಗು ಹತ್ತಿದ ಹುಡುಗನಿಗೆ ಆ ರಕ್ಷಣೆ ಎಲ್ಲಿಂದ ಬರಬೇಕು? ಊರಿನಿಂದ ಬಂದು ನಿಮ್ಮ ಮನೆಯಲ್ಲೇ ಉಳಿದುಕೊಂಡು ಹಡಗಿನ ಕೆಲಸ ಹುಡುಕುವ ತಮ್ಮನೋ ಅಳಿಯನೋ ಇದ್ದರೆ, ಏಜೆಂಟನ ಪರವಾನಗಿ ಸಂಖ್ಯೆಯನ್ನು ನೌಕಾಯಾನ ಮಹಾನಿರ್ದೇಶನಾಲಯದ ಪಟ್ಟಿಯಲ್ಲಿ ನೋಡಿ. ಆ ಕಚೇರಿ ಇರುವುದು ಮುಂಬಯಿಯಲ್ಲೇ. ಕರಾರುಪತ್ರ ಕೈಗೆ ಬಾರದೆ ಅವನನ್ನು ಹಡಗು ಹತ್ತಲು ಬಿಡಬೇಡಿ.

ನಮಸ್ಕಾರ.