ಫೋಟೊದ ಮೂಲೆಯಲ್ಲಿ ಊರು

ಎಲ್ಲರಿಗೂ ನಮಸ್ಕಾರ.

ಪರದೆ ಮೇಲಿರುವ ಈ ಫೋಟೊ ನೋಡಿ. ಡಾಂಬರು ರಸ್ತೆ, ಜಂಬಿಟ್ಟಿಗೆ ಕಲ್ಲಿನ ಪಾಗಾರ, ಅದರಾಚೆ ಅಡಿಕೆ ತೋಟ, ಒಂದು ಹೆಂಚಿನ ಮನೆ. ಯಾವ ಊರು? ತೀರ್ಥಹಳ್ಳಿ ಅಂತ ಹಿಂದಿನಿಂದ ಯಾರೋ ಹೇಳಿದರು. ಸಿರ್ಸಿ, ಕೊಪ್ಪ, ಪುತ್ತೂರು ಅಂತಲೂ ಕೇಳಿಸಿತು. ತಪ್ಪೇನಿಲ್ಲ. ತೋಟ ನೋಡಿದರೆ ಕಾಸರಗೋಡೂ ಆಗಬಹುದು. ಹಾಗಾಗಿ ತೋಟ ಬಿಡಿ, ಬಲಗಡೆ ಮೂಲೆ ನೋಡಿ. ಹುಲ್ಲಿನಲ್ಲಿ ಅರ್ಧ ಮುಚ್ಚಿಹೋದ ಕಿಲೋಮೀಟರ್ ಕಲ್ಲಿದೆ. ತಲೆಗೆ ಹಸಿರು ಬಣ್ಣ, ಅಂದರೆ ರಾಜ್ಯ ಹೆದ್ದಾರಿ. ರಾಷ್ಟ್ರೀಯ ಹೆದ್ದಾರಿಯಾಗಿದ್ದರೆ ಹಳದಿ ಇರುತ್ತಿತ್ತು. ಊರಿನ ಹೆಸರಲ್ಲಿ ಕಾಣುವುದು 'ಗರ' ಅನ್ನೋ ಎರಡೇ ಅಕ್ಷರ. ಸಾಗರವೋ, ಹೊಸನಗರವೋ? ನಮ್ಮ ಆಟ ಶುರುವಾಗೋದೇ ಇಲ್ಲಿ.

ಫೋಟೊ ನೋಡಿ ಜಾಗ ಹೇಳುವ ಹವ್ಯಾಸಿಗಳು ಈಗ ಪ್ರಪಂಚದ ತುಂಬ ಇದ್ದಾರೆ. 2013ರಲ್ಲಿ ಸ್ವೀಡನ್‌ನ ಒಬ್ಬರು 'ಜಿಯೋಗೆಸರ್' ಅನ್ನೋ ಆಟ ಮಾಡಿದ ಮೇಲೆ ಇದು ಬೆಳೆಯಿತು. ರಸ್ತೆಗಳ ಸುತ್ತಲಿನ ಫೋಟೊ ತೋರಿಸುವ ಗೂಗಲ್ ಸ್ಟ್ರೀಟ್ ವ್ಯೂನ ಯಾವುದೋ ರಸ್ತೆಯಲ್ಲಿ ನಿಮ್ಮನ್ನು ನಿಲ್ಲಿಸುತ್ತಾರೆ. ನೀವು ನಕ್ಷೆಯಲ್ಲಿ ಗುರುತು ಹಾಕಬೇಕು. ಜಾಗ ಸರಿಯಾಗಿ ಹಿಡಿದರೆ ಒಂದೊಂದು ಸುತ್ತಿನಲ್ಲೂ 5000 ಅಂಕ, ಒಟ್ಟು ಐದು ಸುತ್ತು.

ಹೊರಗಿನ ಆಟಗಾರರಿಗೆ ಕನ್ನಡ, ತೆಲುಗು ಎರಡೂ ಒಂದೇ ಥರ ಕಾಣುತ್ತವೆ. ಅವರು ಕಲಿಯುವ ಮೊದಲ ಗುರುತು ತಲೆಕಟ್ಟು. ನಮ್ಮದು ಅಡ್ಡಗೆರೆ, ಬಲ ತುದಿಯಲ್ಲಿ ಸುರುಳಿ. ತೆಲುಗಿನದ್ದು ಮೇಷ್ಟ್ರು ಹಾಕುವ ರೈಟ್ ಮಾರ್ಕಿನ ಹಾಗೆ. ದಿನಾ ಓದುವ ನಾವೇ ಇದನ್ನು ಗಮನಿಸಿರಲ್ಲ, ಅಲ್ವಾ?

ನನಗೆ ಎಲ್ಲಕ್ಕಿಂತ ಇಷ್ಟವಾದ ಸುಳಿವು ನೆರಳು. ನಡು ಮಧ್ಯಾಹ್ನದ ನೆರಳು ಉತ್ತರಕ್ಕೆ ಬಿದ್ದರೆ ಉತ್ತರ ಗೋಳಾರ್ಧ ಅಂತ ಎಲ್ಲರೂ ಕಲಿಯುತ್ತಾರೆ. ಆದರೆ ಶಿವಮೊಗ್ಗ ಇರೋದು ಸುಮಾರು 14 ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಗೆ ಸೂರ್ಯ ನಮ್ಮ ನೆತ್ತಿ ದಾಟಿ ಉತ್ತರಕ್ಕೆ ಹೋಗುತ್ತಾನೆ. ನೆತ್ತಿಗೆ ವಾಪಸ್ ಬರೋದು ಆಗಸ್ಟ್ ಮಧ್ಯದಲ್ಲಿ. ಅಲ್ಲಿಯವರೆಗೆ ಮಧ್ಯಾಹ್ನದ ನೆರಳು ದಕ್ಷಿಣಕ್ಕೆ! ಜೂನ್ ಹಿಡಿದರೆ ಮೋಡವೇ ಜಾಸ್ತಿ, ನೆರಳು ಸಿಗೋದು ಕಷ್ಟ. ಮೇ ತಿಂಗಳಲ್ಲಿ ಅಂಗಳದಲ್ಲಿ ಹಲಸಿನ ಹಪ್ಪಳ ಒಣಗಲು ಹಾಕಿದಾಗ ಪಕ್ಕದಲ್ಲೊಂದು ಕೋಲು ನೆಟ್ಟು ನೋಡಿ. ನಾನು ನೋಡಿದ ದಿನ ಮನೆಯವರನ್ನೆಲ್ಲ ಹೊರಗೆ ಕರೆದು ತೋರಿಸಿದ್ದೆ.

ಈ ಕಣ್ಣು ಆಟಕ್ಕಷ್ಟೇ ಅಲ್ಲ. ಮಕ್ಕಳ ಮೇಲಿನ ದೌರ್ಜನ್ಯದ ಚಿತ್ರಗಳಲ್ಲಿ ಹಿಂದೆ ಕಾಣುವ ಒಂದು ಚೀಲ, ಒಂದು ಬಟ್ಟೆ ಇಷ್ಟನ್ನೇ ಕತ್ತರಿಸಿ, ಇದು ಎಲ್ಲಿಯದು ಅಂತ ಯುರೋಪಿಯನ್ ಒಕ್ಕೂಟದ ಪೊಲೀಸ್ ಸಂಸ್ಥೆ ಯುರೋಪೋಲ್ 2017ರಿಂದ ಜನರನ್ನು ಕೇಳುತ್ತಿದೆ. ಹಾಗೇ ಇದರಿಂದ ಕೆಟ್ಟದ್ದೂ ಆಗಬಹುದು. ಯಾರದೋ ಮನೆ ಎಲ್ಲಿದೆ ಹುಡುಕಿಕೊಡಿ ಅಂತ ಫೋಟೊ ಬಂದರೆ ನಮ್ಮ ಗೆಳೆಯರು ಮುಟ್ಟುವುದಿಲ್ಲ. ಆ ವಿಷಯದಲ್ಲಿ ನಾವು ಬಹಳ ಕಟ್ಟುನಿಟ್ಟು.

ಕೊನೆಗೆ ಈ ಹಳೇ ಫೋಟೊ. ಫೋಟೊದಲ್ಲಿರುವವರ ಒಪ್ಪಿಗೆ ಕೇಳಿಯೇ ತಂದಿದ್ದೇನೆ. ಮದುವೆ ಚಪ್ಪರ, ಮುಂದೆ ಲಂಗ ತೊಟ್ಟ ಹುಡುಗಿ, ಹಿಂದೆ ಗುಡ್ಡ. ಆ ಮನೆ ಈಗಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು, ಶರಾವತಿ ಹಿನ್ನೀರಿನಲ್ಲಿ ಊರು ಮುಳುಗಿತು. ಆದರೆ ಗುಡ್ಡದ ನೆತ್ತಿ ಮುಳುಗಿಲ್ಲ, ದ್ವೀಪವಾಗಿ ನಿಂತಿದೆ. ಎರಡು ಭಾನುವಾರ ಕೂತು ಫೋಟೊದ ಗುಡ್ಡದ ಗೆರೆಯನ್ನು ಇವತ್ತಿನ ಗೆರೆಗೆ ಹೊಂದಿಸಿದೆವು. ಆ ಹುಡುಗಿ ಈಗ ಅಜ್ಜಿ. ಕಳೆದ ಬೇಸಿಗೆಯಲ್ಲಿ ಅವರನ್ನು ದಡಕ್ಕೆ ಕರೆದುಕೊಂಡು ಹೋಗಿ, "ಅಜ್ಜಿ, ಆ ದ್ವೀಪದ ಈಚೆಗೆ, ನೀರಿನ ಕೆಳಗೆ" ಅಂತ ತೋರಿಸಿದೆ. ಅವರು ಸುಮಾರು ಹೊತ್ತು ನೋಡಿದರು. ಆಮೇಲೆ ನನ್ನ ಕೈಯನ್ನು ಹಿಡಿದು ಸ್ವಲ್ಪ ಎಡಕ್ಕೆ ಸರಿಸಿದರು. "ಅಲ್ಲಿ ಕೊಟ್ಟಿಗೆ. ಮನೆ ಇಲ್ಲಿ."