ಮನೆಯಲ್ಲಿ ಬೀಸುವ ಕಲ್ಲು ಇದ್ದರೆ ತಪ್ಪು!

[ತೆರೆಯ ಮೇಲೆ: ಬೀಸುವ ಕಲ್ಲು ತಿರುಗುತ್ತಿದೆ, ಅಂಚಿನಿಂದ ಹಿಟ್ಟು ಉದುರುತ್ತಿದೆ]

ನಮಸ್ಕಾರ. ಹಿಂದಿನ ವಿಡಿಯೋ ನೋಡಿದ ಒಬ್ಬರು ಕೇಳಿದ್ದರು: "ಮಧ್ಯಯುಗದ ಯುರೋಪಿನಲ್ಲಿ ರೈತರಿಗೆ ತಾವೇ ಬೆಳೆದ ಕಾಳನ್ನು ಮನೆಯಲ್ಲಿ ಬೀಸಿಕೊಳ್ಳೋಕೂ ಬಿಡ್ತಿರಲಿಲ್ವಾ?"

ಬಹಳ ಕಡೆ ಬಿಡುತ್ತಿರಲಿಲ್ಲ.

ಹಿನ್ನೆಲೆ ಬೇಗ ಹೇಳಿಬಿಡುತ್ತೇನೆ. ಊರು, ಹೊಲ, ಹುಲ್ಲುಗಾವಲು ಸೇರಿ ಒಂದು ಮ್ಯಾನರ್. ಅದಕ್ಕೊಬ್ಬ ಒಡೆಯ. ರೈತ ವಾರಕ್ಕೆ ಎರಡು ಮೂರು ದಿನ ಅವನ ಹೊಲದಲ್ಲಿ ಬಿಟ್ಟಿ ದುಡಿಯಬೇಕು. ಮಗಳ ಮದುವೆಗೂ ಅವನಿಗೆ ದುಡ್ಡು ಕಟ್ಟಬೇಕು. ಮನೆ ಯಜಮಾನ ಸತ್ತರೆ ಕೊಟ್ಟಿಗೆಯ ಒಳ್ಳೇ ದನ ಒಡೆಯನ ಪಾಲು. ಹಿಟ್ಟು ಮಾಡಿಸುವುದು ಒಡೆಯನ ಗಿರಣಿಯಲ್ಲೇ, ಅಲ್ಲೂ ಕಾಳಿನಲ್ಲಿ ಒಂದು ಪಾಲು ಮುರಿದುಕೊಳ್ಳುತ್ತಿದ್ದರು. ಮನೆಯಲ್ಲೇ ಬೀಸಿಕೊಂಡರೆ ಆ ಪಾಲು ತಪ್ಪುತ್ತದೆ, ಅಲ್ವಾ? ಅದಕ್ಕೇ ಬೀಸುವ ಕಲ್ಲಿನ ಮೇಲೆ ಕಣ್ಣು.

ಲಂಡನ್ನಿನ ಉತ್ತರಕ್ಕೆ ಸೇಂಟ್ ಆಲ್ಬನ್ಸ್ ಅಂತ ಊರು. ಅಲ್ಲಿ ಒಡೆತನ ಕ್ರೈಸ್ತ ಮಠದ್ದು. 1327ರಲ್ಲಿ ಮಠಾಧಿಪತಿಯಾದವನು ರಿಚರ್ಡ್ ಆಫ್ ವಾಲಿಂಗ್‌ಫರ್ಡ್. ಕಮ್ಮಾರನ ಮಗ. ಸೂರ್ಯಚಂದ್ರರ ಚಲನೆ ತೋರಿಸುವ ದೊಡ್ಡ ಗಡಿಯಾರ ರೂಪಿಸಿದ ಬುದ್ಧಿವಂತ. ಅವನೇ ಊರವರ ಬೀಸುವ ಕಲ್ಲುಗಳನ್ನು ಕಿತ್ತುಕೊಂಡ. ಆಮೇಲೆ ಅವನ್ನು ಮಠದಲ್ಲಿ ಜನರೊಂದಿಗೆ ಮಾತಾಡುವ ಕೋಣೆಯ ನೆಲಕ್ಕೆ ಹಾಸಿಸಿದ.

[ಎರಡು ಕ್ಷಣ ಮೌನ]

ನಮ್ಮಲ್ಲಿ ಬೀಸುವ ಕಲ್ಲಿಗೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತೇವೆ. ಅಜ್ಜಿ, ಅಮ್ಮ ಹಿಡಿದು ಹಿಡಿದು ಗೂಟ ನುಣುಪಾಗಿರುತ್ತದೆ. ಅಂಥ ಕಲ್ಲನ್ನು ಕಸಿದು, ಅದರ ಮೇಲೆ ನಡೆದಾಡುವುದು! ದಂಡ ಕಟ್ಟಿದ್ದು ಮರೆತೀತು, ಇದನ್ನು ಯಾವ ಮನೆ ಮರೆಯುತ್ತದೆ?

ಐವತ್ತು ವರ್ಷವಾದರೂ ಊರು ಮರೆತಿರಲಿಲ್ಲ. 1381ರ ಜೂನ್‌ನಲ್ಲಿ ಇಂಗ್ಲೆಂಡಿನ ರೈತರು ದಂಗೆ ಎದ್ದಾಗ ಸೇಂಟ್ ಆಲ್ಬನ್ಸ್ ಜನ ಮಠಕ್ಕೆ ನುಗ್ಗಿದರು. ನೆಲ ಅಗೆದು ಕಲ್ಲುಗಳನ್ನು ಎತ್ತಿದರು. ಒಡೆದು ಚೂರು ಮಾಡಿ ಮನೆಮನೆಗೆ ಹಂಚಿಕೊಂಡರು. ಚರ್ಚಿನಲ್ಲಿ ಭಾನುವಾರ ಪವಿತ್ರ ರೊಟ್ಟಿ ಹಂಚುವ ಹಾಗೆ ಹಂಚಿದರು ಎಂದು ಅದೇ ಮಠದ ಸನ್ಯಾಸಿಯೊಬ್ಬ ಬರೆದಿಟ್ಟಿದ್ದಾನೆ.

ದಂಗೆಗೆ ಕಾರಣ ಕಲ್ಲೊಂದೇ ಅಲ್ಲ. 1348ರ ಪ್ಲೇಗಿನಲ್ಲಿ ಜನ ಸತ್ತು ಕೂಲಿ ಏರಿತು. 1351ರ ಕಾನೂನು ಕೂಲಿಯನ್ನು ಕಟ್ಟಿಹಾಕಿತು. ಮೇಲೆ ತಲೆಗಂದಾಯ. ಇವಕ್ಕೆಲ್ಲ ಬೇರೆ ವಿಡಿಯೋ ಬೇಕು.

ದಂಗೆ ಅಡಗಿತು. ಊರಿನ ಮುಂದಾಳು ವಿಲಿಯಂ ಗ್ರಿಂಡ್‌ಕಾಬ್‌ನನ್ನು ಹಿಡಿದರು. ಊರವರನ್ನು ಸಮಾಧಾನ ಮಾಡು ಎಂದು ಜಾಮೀನಿನ ಮೇಲೆ ಬಿಟ್ಟರು. ಅವನು ಬಂದು, ನನ್ನ ಜೀವ ಉಳಿಸಲು ನೀವು ಬಗ್ಗಬೇಡಿ ಅಂದ. ಅದೇ ವರ್ಷದ ಜುಲೈನಲ್ಲಿ ಅವನನ್ನು ಗಲ್ಲಿಗೇರಿಸಿದರು.